ಗಾಜಿನ ಪೆಟ್ಟಿಗೆ ಸೇರಿದ ಚೆಲ್ಲೋ

ಜೆಕ್ ದೇಶದ ಸಣ್ಣ ಊರೊಂದರ ವಾದ್ಯವೃಂದದಲ್ಲಿ, ಓಬೊ ಎಂಬ ಊದುವ ವಾದ್ಯ ತನ್ನ ಬಾಯಿಗೆ ಸಿಕ್ಕಿಸಿದ ಜೊಂಡಿನಿಂದ ಸ್ವರ ಕೊಟ್ಟರೆ ಉಳಿದವೆಲ್ಲ ಅದಕ್ಕೆ ಶ್ರುತಿ ಸೇರಿಸಿಕೊಳ್ಳುವುದು ಪದ್ಧತಿ. ಒಂದು ದಿನ ಚೆಲ್ಲೋ ಎಂಬ ಮುದಿ ತಂತಿವಾದ್ಯ ಸಿಡುಕಿತು: "ಈ ವೃಂದದ ನೂರಿಪ್ಪತ್ತು ವರ್ಷದ ಕೀರ್ತಿಯನ್ನು ಹೊತ್ತವನು ನಾನು. ಹೋದ ವಾರ ಕೆತ್ತಿದ ಜೊಂಡಿನ ತುಣುಕಿಗೆ ತಲೆಬಾಗಲೆ?"

ಓಬೊದ ಬಾಯಲ್ಲಿದ್ದ ಜೊಂಡು ಹೇಳಿತು: "ನನ್ನ ಆಯಸ್ಸು ಮೂರೇ ವಾರ, ಅಜ್ಜ. ಆದರೆ ಜನ ಕೇಳಲು ಬಂದಿರುವುದು ಇವತ್ತಿನ ವಾದನವನ್ನು."

ಚೆಲ್ಲೋ ಜಗ್ಗಲಿಲ್ಲ. ತನ್ನದೇ ಶ್ರುತಿಯಲ್ಲಿ ನುಡಿಯಿತು. ಸಭಿಕರು ಕಿವಿ ಮುಚ್ಚಿಕೊಂಡರು. ಮರುದಿನವೇ ಆಡಳಿತದವರು ಅದನ್ನು ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿಟ್ಟು, "ನಮ್ಮ ಹೆಮ್ಮೆ" ಎಂದು ಫಲಕ ಹಾಕಿದರು.

ಮೂರು ವಾರದ ಮೇಲೆ, ಒಳಗೆ ಎಲ್ಲರೂ ಹೊಸ ಜೊಂಡಿಗೆ ಶ್ರುತಿ ಸೇರಿಸುತ್ತಿದ್ದಾಗ, ಚೆಲ್ಲೋ ತನ್ನ ತಂತಿಗಳ ಮೇಲೆ ಬಲೆ ನೇಯುತ್ತಿದ್ದ ಜೇಡಕ್ಕೆ ಹೇಳಿತು: "ನೋಡಿದೆಯಾ, ಕೊನೆಗೂ ಇವರಿಗೆ ನನ್ನ ಬೆಲೆ ಗೊತ್ತಾಯಿತು!"