ಕಾರ್ಡ್ ಮಷಿನ್ನಿನ ಮೊದಲ ಬೋಣಿಗೆ

ಹುಬ್ಬಳ್ಳಿಯ ನೀಲವ್ವನ ಗಿರ್ಮಿಟ್ ಅಂಗಡಿಗೆ ಗುತ್ತಿಗೆದಾರ ಇನಾಮದಾರರು ದಿನಾ ಬರುತ್ತಿದ್ದರು. ಹೊಟ್ಟೆ ತುಂಬ ತಿಂದು, ಬಂಗಾರದ ಬಣ್ಣದ ಕಾರ್ಡ್ ಝಳಪಿಸುತ್ತಿದ್ದರು. "ನಾ ರೊಕ್ಕ ಮುಟ್ಟಂಗಿಲ್ಲ. ಕಾರ್ಡ್ ಮಷಿನ್ ಇಲ್ಲೇನು? ಎಂಥಾ ಅಂಗಡಿ ಇಟ್ಟೀದಿ!" ಎಂದು ಬೈದು, ಬಿಡಿಗಾಸೂ ಕೊಡದೆ ಹೋಗುತ್ತಿದ್ದರು.

ನೀಲವ್ವ ಬ್ಯಾಂಕಿಗೆ ಅರ್ಜಿ ಹಾಕಿ ಮಷಿನ್ ತಂದಳು. ಕುಂಕುಮ ಹಚ್ಚಿ, ಹೂ ಏರಿಸಿ, ಇನಾಮದಾರರು ತಿಂದು ಕೈ ತೊಳೆಯುವವರೆಗೆ ಕಾದಳು.

"ಸಾಹೇಬ್ರ, ನಿಮ್ಮ ಸಲುವಾಗೇ ತಂದೀನ್ರಿ. ಬೋಣಿಗಿ ನಿಮ್ಮ ಕೈಯಿಂದನ ಆಗ್ಬೇಕು. ಅದಕ್ಕ ಇವರನ್ನೆಲ್ಲಾ ನಿಲ್ಲಿಸೀನಿ."

ಹಿಂದೆ ಹತ್ತು ಗಿರಾಕಿಗಳು ಕಾರ್ಡ್ ಹಿಡಿದು ನಿಂತಿದ್ದರು. ಒಬ್ಬ ಚಪ್ಪಾಳೆಯನ್ನೂ ತಟ್ಟಿದ.

ಇನಾಮದಾರರು ಬೆವತರು. "ಇದರ ಅವಧಿ ಮುಗದು ಎರಡು ವರ್ಷ ಆತವಾ," ಎಂದು ಪಿಸುಗುಟ್ಟಿ, ಒಳಜೇಬಿನಿಂದ ಐನೂರರ ನೋಟು ತೆಗೆದರು.

ನೀಲವ್ವ ಅದನ್ನು ಕಣ್ಣಿಗೊತ್ತಿಕೊಂಡಳು. "ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಅಂಗಡ್ಯಾಗ ರೊಕ್ಕಾನೂ ನಡೀತೈತಿ!"