ಬಣ್ಣಗಾರನ ನಿದ್ದೆ

"ಗುರುಗಳೇ, ಮನಸ್ಸು ಶುದ್ಧವಾಗಿರುವವನಿಗೆ ನಿದ್ದೆ ತಾನಾಗಿ ಬರುತ್ತದೆ ಎನ್ನುತ್ತಾರೆ. ನನಗೆ ಬರುತ್ತಿಲ್ಲ. ನನ್ನ ಮನಸ್ಸಿನಲ್ಲಿ ಇನ್ನೂ ಯಾವ ಕೊಳೆ ಉಳಿದಿದೆ?"

ಕೇಳಿದವನು ಚೆನ್ನವೀರ, ಆಶ್ರಮದ ಶಿಷ್ಯ. ಚಳಿಗಾಲದ ಆರಂಭದಿಂದ ಅವನು ಕಠಿಣ ವ್ರತ ಹಿಡಿದಿದ್ದ. ಅಂಬಲಿ, ಕಾಳು, ಸೊಪ್ಪು, ಮಜ್ಜಿಗೆ ಎಲ್ಲವನ್ನೂ ಬಿಟ್ಟು, ಕಾದಾರಿದ ನೀರು ಮತ್ತು ಒಂದಿಷ್ಟು ಹಾಲಿನಲ್ಲಿ ದಿನ ಕಳೆಯುತ್ತಿದ್ದ. ಕಣ್ಣುಗಳು ಗುಳಿ ಬಿದ್ದಿದ್ದವು. ಈ ದಿನ ಅವನು ತನ್ನ ಬಟ್ಟೆಯ ಗಂಟನ್ನು ಕಟ್ಟಿ ಬಾಗಿಲ ಬಳಿ ಇಟ್ಟೇ ಬಂದಿದ್ದ. ಇಂಥ ಮನಸ್ಸಿನವನು ಆಶ್ರಮದಲ್ಲಿರಲು ಯೋಗ್ಯನಲ್ಲ ಎಂಬುದು ಅವನ ತೀರ್ಮಾನವಾಗಿತ್ತು.

ಗುರುಗಳು ಗಂಟನ್ನು ನೋಡಿದರು. ಅದರ ಬಗ್ಗೆ ಏನೂ ಕೇಳಲಿಲ್ಲ.

"ಕುಳಿತುಕೋ. ಹೊರಡುವವನು ಒಂದು ಕತೆ ಕೇಳಿ ಹೊರಡಬಹುದು" ಎಂದರು.

ಒಂದು ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅವನು ನೂಲಿಗೆ ನೀಲಿ ಬಣ್ಣ ಹಾಕುತ್ತಿದ್ದ. ನೀಲಿಯನ್ನು ಬರಿ ನೀರಿನಲ್ಲಿ ಕಲಸಿದರೆ ಅದು ನೂಲನ್ನು ಹಿಡಿಯುವುದಿಲ್ಲ. ಗುಡಾಣವೆಂಬ ದೊಡ್ಡ ಮಣ್ಣಿನ ಮಡಕೆಯಲ್ಲಿ ಹಾಕಿ ಹುದುಗು ಬರಿಸಬೇಕು. ಆ ಕೆಲಸ ಮಾಡುವವು ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಅವುಗಳಿಗೆ ಬೆಲ್ಲ ಬೇಕು, ಬೇಯಿಸಿದ ತಗಚೆ ಬೀಜ ಬೇಕು, ಹಿತವಾದ ಬಿಸುಪು ಬೇಕು. ಬಣ್ಣಗಾರನಿಗೆ ಆ ಜೀವಿಗಳ ವಿಷಯ ತಿಳಿಯದು. "ಗುಡಾಣ ಹಸಿದಿದೆ", "ಗುಡಾಣ ಚೆನ್ನಾಗಿದೆ" ಎಂದಷ್ಟೇ ಅವನ ಮನೆಯಲ್ಲಿ ಹೇಳುತ್ತಿದ್ದರು. ಅವನ ಅಜ್ಜಿಯ ಕಾಲದಿಂದ ಆ ಗುಡಾಣ ಬರಿದಾಗಿರಲಿಲ್ಲ. ಬೆಳಿಗ್ಗೆ ಅದಕ್ಕೆ ಉಣಿಸಿದ ಮೇಲೆಯೇ ಅವನು ಉಣ್ಣುತ್ತಿದ್ದ.

ಒಮ್ಮೆ ಅವನ ಹೊಟ್ಟೆ ಕೆಟ್ಟಿತು. ವೈದ್ಯರು ಭೇದಿಯಾಗಲೆಂದು ಹರಳೆಣ್ಣೆ ಕೊಟ್ಟರು. ಹೊಟ್ಟೆ ಹಗುರಾಯಿತು. ಆ ಹಗುರ ಅವನಿಗೆ ಹಿಡಿಸಿತು. ಒಮ್ಮೆ ಸಾಕು ಎಂದು ವೈದ್ಯರು ಹೇಳಿದ್ದನ್ನು ಅವನು ವಾರವಾರವೂ ಮಾಡತೊಡಗಿದ. ಅಂಬಲಿ ಹುಳಿ ಎಂದು ಬಿಟ್ಟ. ಸೊಪ್ಪಿನಲ್ಲಿ ಮಣ್ಣಿರುತ್ತದೆ ಎಂದು ಬಿಟ್ಟ. ಕಾಳು ವಾಯು ಎಂದು ಬಿಟ್ಟ. ಒಳಗೆ ಏನೂ ಇಲ್ಲದಿರುವುದೇ ಶುಚಿ ಎಂದುಕೊಂಡ.

ಕ್ರಮೇಣ ನಿದ್ದೆ ಅವನನ್ನು ಬಿಟ್ಟುಹೋಯಿತು. ಅವನು ಮಲಗುವ ದಿಕ್ಕು ಬದಲಿಸಿದ. ದೇವರಿಗೆ ಹರಕೆ ಹೊತ್ತ. ಯಾರಿಗೆ ಏನು ಅನ್ಯಾಯ ಮಾಡಿದೆನೋ ಎಂದು ನೆನಪನ್ನೆಲ್ಲ ಕೆದಕಿದ. ಏನೂ ಸಿಗದಿದ್ದಾಗ ಇನ್ನಷ್ಟು ಹೆದರಿದ. ಒಳ್ಳೆಯ ಮನುಷ್ಯರು ಹೀಗೆ ತಮ್ಮನ್ನೇ ಹಿಂಸಿಸಿಕೊಳ್ಳುತ್ತಾರೆ, ಚೆನ್ನವೀರ.

ಹಗಲೆಲ್ಲ ತೂಕಡಿಸುತ್ತಿದ್ದವನಿಗೆ ಗುಡಾಣಕ್ಕೆ ಉಣಿಸುವುದು ಮರೆತುಹೋಗತೊಡಗಿತು. ಗುಡಾಣ ನಾರಿತು. ನೂಲು ನೀಲಿಯಾಗದೆ ಬೂದಿಯ ಬಣ್ಣಕ್ಕೆ ಬಂತು. ನೇಕಾರರು ಬೇರೆ ಬಣ್ಣಗಾರರನ್ನು ಹುಡುಕಿಕೊಂಡರು. ಗುಡಾಣ ಸತ್ತರೆ ಆ ಮನೆಯ ಕಸುಬೇ ಮುಗಿದಂತೆ.

ಒಂದು ಮಧ್ಯಾಹ್ನ ಅವನು ದೊಡ್ಡ ತಪ್ಪಲೆಯಲ್ಲಿ ನೀರು ಕುದಿಸಿ, ಗುಡಾಣಕ್ಕೆ ಸುರಿಯಲು ಎತ್ತಿದ. ಹೆಂಡತಿ ಓಡಿಬಂದು ಅಡ್ಡ ನಿಂತಳು.

"ಏನ್ರೀ ಇದು! ತಲೆ ಕೆಟ್ಟಿದೆಯಾ ನಿಮಗೆ?"

"ನಾರ್ತಾ ಇದೆ ಕಣೇ. ಒಂದು ಸಲ ಚೆನ್ನಾಗಿ ತೊಳೆದುಬಿಡ್ತೀನಿ, ಸರಿಹೋಗುತ್ತೆ."

"ತೊಳೀರಿ, ತೊಳೀರಿ! ನಿಮ್ಮಜ್ಜಿ ತೊಳೀಲಿಲ್ಲ, ನಮ್ಮತ್ತೆ ತೊಳೀಲಿಲ್ಲ. ಪಾಪ, ಅವರಿಗೆ ಶುಚಿ ಅಂದ್ರೇನು ಅಂತ ಗೊತ್ತಿರಲಿಲ್ಲ ನೋಡಿ! ಹಸಿದದ್ದಕ್ಕೆ ಊಟ ಹಾಕೋದು ಬಿಟ್ಟು ಯಾರಾದರೂ ಕುದಿಯೋ ನೀರು ಹುಯ್ತಾರಾ? ವಾರವಾರ ಹೊಟ್ಟೆ ತೊಳೆದು ನಿಮ್ಮ ಗತಿ ಹೀಗಾಯ್ತು. ಇನ್ನು ಇದರ ಸರದಿಯಾ?"

ಬಣ್ಣಗಾರ ತಪ್ಪಲೆ ಹಿಡಿದುಕೊಂಡೇ ನಿಂತ. ಅವಳು ಸಿಟ್ಟಿನಲ್ಲಿ ಆಡಿದ ಮಾತು ಅದು. ಅದರ ಪೂರ್ತಿ ಅರ್ಥ ಅವಳಿಗೂ ಹೊಳೆದಿರಲಿಲ್ಲ. ಅವನಿಗೆ ಹೊಳೆಯಿತು. ನೀರನ್ನು ಅಂಗಳಕ್ಕೆ ಚೆಲ್ಲಿದ.

ಅಂದಿನಿಂದ ಅವನು ಗುಡಾಣಕ್ಕೆ ಬೆಲ್ಲ, ಬೀಜ ಹಾಕಿ, ಸುತ್ತಲೂ ಹೊಟ್ಟು ತುಂಬಿ ಬೆಚ್ಚಗಿಟ್ಟ. ತಾನೂ ಅದೇ ಹೊತ್ತಿಗೆ ಕುಳಿತು ಅಂಬಲಿ ಕುಡಿದ, ಸೊಪ್ಪು ಕಾಳು ಉಂಡ. ಹರಳೆಣ್ಣೆಯನ್ನು ದೇವರ ದೀಪಕ್ಕೆ ಬಿಟ್ಟುಕೊಟ್ಟ. ಎರಡೂ ಒಂದೇ ದಿನದಲ್ಲಿ ಚೇತರಿಸಿಕೊಳ್ಳಲಿಲ್ಲ. ಮೊದಮೊದಲು ಅವನ ಹೊಟ್ಟೆ ಗುಡುಗುಟ್ಟಿತು, ಹೆಂಡತಿ ನಕ್ಕಳು. ಕೊನೆಗೆ ಒಂದು ಬೆಳಿಗ್ಗೆ, ಬಣ್ಣ ಮತ್ತೆ ಹದಕ್ಕೆ ಬಂದ ಗುರುತಾಗಿ, ಗುಡಾಣದ ಮೇಲೆ ತಾಮ್ರದ ಹೊಳಪಿನ ಕೆನೆ ಕಟ್ಟಿತ್ತು. ಅದನ್ನು ತೋರಿಸಲು ಅವಳು ಗಂಡನನ್ನು ಕೂಗಿದಳು. ಬಿಸಿಲು ಚಾಪೆಯ ಮೇಲೆ ಬಿದ್ದಿದ್ದರೂ ಅವನು ಏಳಲಿಲ್ಲ. ಅವಳು ಮತ್ತೆ ಕೂಗಲಿಲ್ಲ. ಅಂದು ಗುಡಾಣಕ್ಕೆ ತಾನೇ ಉಣಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ನಿದ್ದೆ ಇರುವುದು ಹೊಟ್ಟೆಯಲ್ಲಿಯೇ?" ಎಂದು ಚೆನ್ನವೀರ ಕೇಳಿದ.

"ಅಷ್ಟನ್ನು ನಾನು ಹೇಳಲಾರೆ. ನಿದ್ದೆ ಕೆಡಲು ಕಾರಣಗಳು ಹಲವು. ಆದರೆ ನಮ್ಮ ಕರುಳಿನಲ್ಲಿಯೂ ಅಂಥ ಜೀವಿಗಳ ದೊಡ್ಡ ಸಂಸಾರವಿದೆ. ನಾವು ಉಂಡದ್ದರಲ್ಲಿ ಅವು ಉಣ್ಣುತ್ತವೆ. ಅವುಗಳ ನೆಮ್ಮದಿ ಕೆಟ್ಟರೆ ಅದು ನಮ್ಮ ನಿದ್ದೆಯನ್ನೂ ತಟ್ಟಬಹುದು ಎಂದು ವೈದ್ಯರು ಈಗ ಹೇಳುತ್ತಿದ್ದಾರೆ."

ಚೆನ್ನವೀರ ತಲೆ ತಗ್ಗಿಸಿದ. "ನಾನು ಯಾರಿಗೂ ನೋವು ಮಾಡಲಿಲ್ಲ, ಗುರುಗಳೇ. ದೇಹ ನನ್ನದು, ವ್ರತವೂ ನನ್ನದು."

ಗುರುಗಳು ತಮ್ಮ ಮುಂದಿದ್ದ ಅಂಬಲಿಯ ಬಟ್ಟಲನ್ನು ಮೆಲ್ಲನೆ ಅವನತ್ತ ಸರಿಸಿದರು.

"ವ್ರತ ನಿನ್ನೊಬ್ಬನದು, ಮಗು. ಹಸಿವು ನಿನ್ನೊಬ್ಬನದೇ?"

ಚೆನ್ನವೀರ ಬಟ್ಟಲನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡ.