ನೀಲಿ ಗಾಜಿನ ಚೂರು

ಕೃಷ್ಣೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಗಾಜಿನ ಪ್ಲೇಟಿನ ಮೇಲೆ ಫೋಟೊ ಮೂಡಿಸುತ್ತಿದ್ದ ಕಾಲ. ಗುರು ಮುರಿಗೆಯ್ಯ ಆ ವಿದ್ಯೆ ಕಲಿಸುತ್ತಿದ್ದರು. ಅವರ ಮೌನ ತಾಳಲಾರದೆ ಶಿಷ್ಯರೆಲ್ಲ ಹೊಳೆ ದಾಟಿ ಹೊರಟುಹೋಗಿದ್ದರು. ಉಳಿದವನು ಚನ್ನವೀರ ಒಬ್ಬನೇ.

ಒಂದು ಬೆಳಿಗ್ಗೆ ಆಚೆ ದಡದ ದ್ಯಾಮವ್ವ ಬಂದಳು. ಎಪ್ಪತ್ತು ದಾಟಿದ ಮುದುಕಿ. ದೂರದೂರಿನಲ್ಲಿ ಅವಳ ಅಕ್ಕ ಹಾಸಿಗೆ ಹಿಡಿದಿದ್ದಳು. ಇಬ್ಬರೂ ಮುಖ ನೋಡಿ ನಲವತ್ತು ವರ್ಷವಾಗಿತ್ತು.

“ಅಕ್ಕನ ಕಣ್ಣು ಮಂಜಾಗಾಕ ಹತ್ಯಾವ. ಪೂರಾ ಹೋಗೂದ್ರಾಗ ನನ್ನ ಮಾರಿ ಒಮ್ಮೆ ನೋಡ್ಲಿ,” ಅಂದಳು.

ಗುರು ಆ ಕೆಲಸವನ್ನು ಚನ್ನವೀರನಿಗೆ ಒಪ್ಪಿಸಿದರು.

ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಕ್ಯಾಮೆರಾದ ಹಿಂದಿನ ಮಸುಕು ಗಾಜಿನ ಮೇಲೆ ಬಿದ್ದ ಬಿಂಬ ನೋಡುತ್ತ ಮಸೂರವನ್ನು ಹಿಂದೆ ಮುಂದೆ ಸರಿಸಿದ. ಮುದುಕಿಯ ರೆಪ್ಪೆಗೂದಲು ಎಣಿಸುವಷ್ಟು ಸ್ಪಷ್ಟವಾಯಿತು. ಆದರೆ ಪ್ಲೇಟಿನ ಮೇಲೆ ಮೂಡಿದ್ದು ಬೇರೆ. ಮುಂದೆ ಮಂಡಿಯ ಮೇಲಿಟ್ಟ ಕೈಗಳ ಬಳೆಗಳು ಚೊಕ್ಕ, ಮುಖ ಮಾತ್ರ ಹೊಗೆಯಂತೆ ಮಸುಕು.

ಎರಡನೆಯ ಪ್ಲೇಟೂ ಹಾಗೇ ಆಯಿತು. ಪೆಟ್ಟಿಗೆಯಲ್ಲಿ ಉಳಿದದ್ದು ಒಂದೇ ಪ್ಲೇಟು. ಮುಂದಿನವು ಬರಲು ಎರಡು ತಿಂಗಳು ಬೇಕು. ಅಷ್ಟು ದಿನ ಆ ಅಕ್ಕನ ಕಣ್ಣು ಕಾಯುತ್ತದೆಯೆ?

“ಗುರುಗಳ, ಈ ಒಂಟಿ ಗಾಜಿನ ಮಸೂರಾನ ಸರಿ ಇಲ್ರೀ. ನಿಮ್ಮ ಪೆಟ್ಟಿಗ್ಯಾಗ ಜೋಡಿ ಗಾಜಿಂದು ಐತಿ. ಅದನ್ನ ಕೊಡ್ರಿ.”

ಅವನು ಕೇಳಿದ್ದು ತಪ್ಪಲ್ಲ. ಒಂದು ಗಾಜು ಚದುರಿಸಿದ ಬಣ್ಣಗಳನ್ನು ಇನ್ನೊಂದು ಗಾಜು ಮತ್ತೆ ಒಂದೆಡೆ ಕೂಡಿಸುವ ಒಳ್ಳೆಯ ಮಸೂರ ಅದು. ಆದರೂ ಗುರು ಕೊಡಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕುಬಿಟ್ಟರು.

ಚನ್ನವೀರನಿಗೆ ಅವಮಾನವಾಯಿತು. ಈ ಪ್ಲೇಟೂ ಕೆಟ್ಟರೆ ತಾನೂ ಹೊಳೆ ದಾಟುವುದೇ ಎಂದುಕೊಂಡು ಬಟ್ಟೆಗಂಟು ಕಟ್ಟಿಟ್ಟ.

ಗುರು ಆ ಗಂಟನ್ನು ನೋಡಿದರು. ಹಿತ್ತಲಿಗೆ ಹೋಗಿ ಒಡೆದ ಔಷಧಿ ಬಾಟಲಿಯ ಕಡುನೀಲಿ ಚೂರೊಂದನ್ನು ತೊಳೆದು ತಂದರು.

“ಇದನ್ನ ಕಣ್ಣಿಗೆ ಹಿಡಕೊಂಡು ನೋಡು.”

ಚನ್ನವೀರ ದ್ಯಾಮವ್ವನನ್ನು ಎದುರು ಕೂರಿಸಿ ಮತ್ತೆ ಬಟ್ಟೆಯೊಳಗೆ ತಲೆ ಹಾಕಿದ. ನೀಲಿ ಚೂರಿನ ಮೂಲಕ ನೋಡಿದರೆ ಕೈಗಳು ಚೊಕ್ಕ, ಮುಖ ಹೊಗೆ. ಕೆಟ್ಟ ಎರಡು ಪ್ಲೇಟುಗಳಲ್ಲಿ ಇದ್ದಂತೆಯೇ.

“ಪ್ಲೇಟಿಗೆ ಕೆಂಪು, ಹಳದಿ ಕಾಣೂದಿಲ್ಲ. ನೀಲಿ ಬೆಳಕು ಅಷ್ಟ ಕಾಣತೈತಿ,” ಅಂದರು ಗುರು. “ಒಂಟಿ ಗಾಜಿನ್ಯಾಗ ನೀಲಿ ಕೂಡೂ ಜಾಗಾ ಬ್ಯಾರೆ, ಹಳದಿ ಕೂಡೂ ಜಾಗಾ ಬ್ಯಾರೆ. ನಿನ್ನ ಕಣ್ಣು ಹೆಚ್ಚು ಹಿಡಿಯೂದು ಹಳದೀನ.”

ಚನ್ನವೀರ ಮಸೂರವನ್ನು ಒಂದು ಅಕ್ಕಿಕಾಳಿನಷ್ಟು ಹಿಂದಕ್ಕೆ ಸರಿಸಿದ. ನೀಲಿಯಲ್ಲಿ ಮುಖ ತಿಳಿಯಾಯಿತು. ಖುಷಿಯಿಂದ ಚೂರು ತೆಗೆದ. ಬರಿಗಣ್ಣಿಗೆ ಮುಖ ಪುನಃ ಹೊಗೆ. ಪ್ಲೇಟು ಹಾಕಲು ಹಿಂಜರಿದ.

“ನನಗ ಮಸುಕು ಕಾಣತೈತ್ರೀ.”

“ಫೋಟೊ ಹಿಡಿಯೂದು ನಿನ್ನ ಕಣ್ಣೋ, ಪ್ಲೇಟೋ?”

ಅವನು ಕೊನೆಯ ಪ್ಲೇಟು ಹಾಕಿ, ಮಸೂರದ ಮುಚ್ಚಳ ತೆಗೆದು, ಉಸಿರು ಬಿಗಿಹಿಡಿದು ಎಣಿಸಿ ಮುಚ್ಚಿದ.

ಮಧ್ಯಾಹ್ನ ಕಾಗದಕ್ಕೆ ಇಳಿಸಿದ ಚಿತ್ರವನ್ನು ದ್ಯಾಮವ್ವ ಕಣ್ಣಿನ ಹತ್ತಿರ ಹಿಡಿದಳು. ಹುಬ್ಬಿನ ಮೇಲಿನ ಹಳೆಯ ಗಾಯದ ಗೆರೆಯೂ ಬಂದಿತ್ತು.

“ಇದು ಅಕ್ಕ ಕಲ್ಲು ಒಗದು ಮಾಡಿದ್ದು. ಗುರುತು ಹಿಡೀತಾಳ,” ಅಂದವಳು ಅತ್ತಳು, ನಕ್ಕಳು. ಮೂರು ಗಂಟೆಯ ದೋಣಿಗೇ ಹೊರಟಳು.

ಚನ್ನವೀರ ಬಟ್ಟೆಗಂಟು ಬಿಚ್ಚುತ್ತಿದ್ದಾಗ ಗುರು ಬಂದು ಜೋಡಿ ಗಾಜಿನ ಮಸೂರವನ್ನು ಅವನ ಅಂಗೈಯಲ್ಲಿಟ್ಟರು. ಅವನು ಕಣ್ಣಿಗೊತ್ತಿಕೊಂಡ. ಆಮೇಲೆ ನೀಲಿ ಚೂರನ್ನು ತೋರಿಸಿ ಕೇಳಿದ, “ಇನ್ನ ಇದು ಬ್ಯಾಡಲ್ರೀ?”

ಗುರು ಆ ಚೂರನ್ನು ಅವನ ಅಂಗಿಯ ಜೇಬಿಗೆ ಹಾಕಿದರು.

“ಇರಲಿ ಇಟ್ಕೋ, ತಮ್ಮಾ. ಜೋಡಿ ಮಸೂರದಾಗ ತಿದ್ದಿದ್ದು ಗಾಜನ್ನ, ನಿನ್ನ ಕಣ್ಣನ್ನಲ್ಲ.”